ಉಸಿರು ನೆನಪಿಸುವ ಕೆಲಸ

ಬೆಳಕು ಹರಿಯುವ ಮೊದಲೇ ಪಂಕಜಾ ನಲ್ಲಿಗೆ ಬಂದ ನೀರನ್ನು ಡ್ರಮ್ಮಿಗೆ ತುಂಬಬೇಕು, ಹಾಲಿನ ಬೂತಿಗೆ ಹೋಗಿ ಬರಬೇಕು, ಅತ್ತೆ ಅಮ್ಮಣ್ಣಿಯವರ ಸ್ನಾನಕ್ಕೆ ನೀರು ಕಾಯಿಸಬೇಕು, ಗಂಡನ ಡಬ್ಬಿಗೆ ಚಪಾತಿ ಲಟ್ಟಿಸಿ, ಅವನ ಶರಟಿಗೆ ಇಸ್ತ್ರಿ ಹಾಕಬೇಕು. ಮುಂಬಯಿಯ ಭಾಂಡುಪಿನ ಆ ಎರಡು ಕೋಣೆಯ ಮನೆಯಲ್ಲಿ ಆ ಹೊತ್ತಿಗೆ ಎದ್ದಿರುತ್ತಿದ್ದವಳು ಅವಳೊಬ್ಬಳೇ.

ಗಂಡ ಕೇಶವಮೂರ್ತಿ ಏಳುವುದು ತಡವಾಗಿ. ಪಾಪ, ಅವನಿಗೆ ಯುದ್ಧಗಳಿದ್ದವು. ತೊಂಬತ್ತೊಂದರ ದೀಪಾವಳಿಗೆ ಟಿವಿಗೆ ಜೋಡಿಸುವ ವಿಡಿಯೋ ಗೇಮ್ ತಂದ ಮೇಲೆ, ನಲವತ್ತು ದಾಟಿದ ಆ ಗುಮಾಸ್ತ ಆಫೀಸಿನಿಂದ ಬಂದವನೇ ಬೂಟು ಬಿಚ್ಚದೆ ಕೂತು ಮಲಗುವವರೆಗೂ ಪರದೆಯ ಮೇಲಿನ ವಿಮಾನಗಳನ್ನು ಹೊಡೆದುರುಳಿಸುತ್ತಿದ್ದ. ಊಟದ ತಟ್ಟೆಯೂ ರಣರಂಗಕ್ಕೇ ಬರಬೇಕು. ಕುಡಿದ ಲೋಟ ಎತ್ತಿಡಲಾಗದ ಕೈಗಳಿಗೆ ಅಲ್ಲಿ ಎಂಥ ಚುರುಕು!

ಚಳಿ ಮುಗಿಯುವಷ್ಟರಲ್ಲಿ ಅವನಿಗೆ ಎದೆ ಡವಡವ, ತಲೆಸುತ್ತು ಶುರುವಾಯಿತು. ಡಾಕ್ಟರು ನಾಡಿ ಹಿಡಿದು, ಇಸಿಜಿ ನೋಡಿ, ಬಿಡಿಸಿ ಹೇಳಿದರು. ಆಡುವಾಗ ಇವರು ಉಸಿರು ಬಿಗಿಹಿಡಿಯುತ್ತಾರೆ, ಇಲ್ಲವೇ ಮೇಲುಮೇಲೆ ಬಿಡುತ್ತಾರೆ. ಮೈ ಕೂತಿದ್ದರೂ ಹೃದಯ ಓಡುತ್ತಿರುತ್ತದೆ. ದಿನವೂ ಹೀಗಾದರೆ ಆಟ ನಿಂತ ಮೇಲೂ ಅದು ಬೇಗ ತಣಿಯುವುದಿಲ್ಲ. ಆಟ ಬಿಟ್ಟು ಸಂಜೆ ನಡೆದಾಡಲಿ ಎಂದರು.

ಮನೆ ತಲುಪುವಷ್ಟರಲ್ಲಿ ಸಲಹೆಯ ರೂಪವೇ ಬದಲಾಗಿತ್ತು. ಎದೆ ಸರಿಯಿಲ್ಲದವನು ನಡೆಯುವುದೆಲ್ಲಿ, ಕೂತು ಆಡುವುದೇ ವಿಶ್ರಾಂತಿ, ಉಸಿರೊಂದನ್ನು ನೋಡಿಕೊಂಡರಾಯಿತು ಎಂದು ಅಮ್ಮಣ್ಣಿ ತೀರ್ಪು ಕೊಟ್ಟರು. ನೋಡಿಕೊಳ್ಳುವವಳು ಇದ್ದೇ ಇದ್ದಳಲ್ಲ. ಅಂದಿನಿಂದ ಪಂಕಜಾ ಹಿಟ್ಟು ನಾದುತ್ತ, ಪಾತ್ರೆ ತಿಕ್ಕುತ್ತ ಅಡುಗೆಮನೆಯಿಂದ ಕೂಗಬೇಕಾಯಿತು: “ರೀ, ಉಸಿರು ಬಿಡಿ.” ಹಸುಗೂಸು ತಾನೇ ಮಾಡಿಕೊಳ್ಳುವ ಕೆಲಸವೂ ಹೆಂಡತಿಯ ಪಾಲಿಗೆ ಬಂತು.

ಅದೇ ತಿಂಗಳು ದಾದರಿನ ಒಂದು ಕನ್ನಡ ರಾತ್ರಿಶಾಲೆ ಅವಳನ್ನು ಕರೆಯಿತು. ಹಗಲೆಲ್ಲ ಹೋಟೆಲಿನಲ್ಲಿ ದುಡಿಯುವವರಿಗೆ ಗಣಿತ ಕಲಿಸಬೇಕು. ಸೋಮವಾರ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಬಿಎಸ್ಸಿ ಮುಗಿಸಿ ಮೈಸೂರಿನಿಂದ ಬಂದವಳಿಗೆ ಇಂಥ ಕರೆ ಇದೇ ಮೊದಲು.

“ನೀನು ಹೋದ್ರೆ ನಂಗೆ ನೆನಪಿಸೋರು ಯಾರೇ?” ಕೇಶವಮೂರ್ತಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

“ಟಿವಿ ಆಫ್ ಮಾಡಿ. ತಾನಾಗೇ ನೆನಪಾಗುತ್ತೆ.”

“ಕೇಳಿದ್ಯೇನೋ ಕೇಶವ? ಗಂಡನ ಜೀವಕ್ಕಿಂತ ಇವಳಿಗೆ ಮೇಡಂ ಅನ್ನಿಸ್ಕೊಳ್ಳೋದೇ ಹೆಚ್ಚು,” ಎಂದರು ಅಮ್ಮಣ್ಣಿ.

ಸೋಮವಾರ ಸಂಜೆ ಪಂಕಜಾ ಸ್ಟೇಷನ್ನಿಗೆ ಬಂದಳು. ಲೋಕಲ್ ರೈಲು ಬಂದು ನಿಂತಾಗ ಅವಳು ಹತ್ತಲಿಲ್ಲ. ಅವನು ಕುಸಿದು ಬಿದ್ದರೆ ಬಿಲ್ಡಿಂಗಿನವರೆಲ್ಲ ಬೆರಳು ತೋರಿಸುವುದು ವಿಡಿಯೋ ಗೇಮಿಗಲ್ಲ, ತನಗೆ. ಗಾಡಿ ಹೊರಟುಹೋಯಿತು. ಮನೆಗೆ ಮರಳುವ ಮೆಟ್ಟಿಲು ಪಕ್ಕದಲ್ಲೇ ಇತ್ತು.

ಮುಂದಿನ ಗಾಡಿ ಬಂತು. ಪಂಕಜಾ ಸೆರಗು ಸಿಕ್ಕಿಸಿಕೊಂಡು ಹೆಂಗಸರ ಬೋಗಿ ಹತ್ತಿದಳು.