ಸಾಂಬ್ರಾದಿಂದ ಸಾಂಬ್ರಾಕ್ಕೆ

ಘುರ್, ಘುರ್ ಎಂದು ಕಡಗೋಲು ತಿರುಗುವ ಸದ್ದು ಕೋಳಿ ಕೂಗುವ ಮೊದಲೇ ಕೇಳಿದರೆ, ಅಂದು ಶನಿವಾರ ಎಂದು ಬೀಡಿ ಊರಿನ ಆ ಓಣಿಗೆ ತಿಳಿಯುತ್ತಿತ್ತು. ಬೇರೆ ದಿನ ಕಾಶವ್ವ ನಿಧಾನವಾಗಿ ಮಜ್ಜಿಗೆ ಕಡೆಯುವವಳು. ಶನಿವಾರ ಮಾತ್ರ ಬೆಣ್ಣೆಯನ್ನು ತಣ್ಣೀರಿನ ಪಾತ್ರೆಯಲ್ಲಿ ತೇಲಿಬಿಟ್ಟು, ಮೇಲೆ ಮುತ್ತಲ ಎಲೆ ಮುಚ್ಚಿ, ಮೊದಲ ಬಸ್ಸಿಗೆ ಬೆಳಗಾವಿಗೆ ಹೊರಡುವಳು. ಅಲ್ಲಿಯ ಟಿಳಕವಾಡಿ ಬಡಾವಣೆಯ ಮನೆಗಳಲ್ಲಿ ಅವಳ ಬೆಣ್ಣೆ ತಿಂದೇ ಬೆಳೆದವರು ಈಗ ತಮ್ಮ ಮಕ್ಕಳಿಗೂ ಅದನ್ನೇ ತಿನ್ನಿಸುತ್ತಿದ್ದರು.

ಅವಳ ತವರು ನಂದಗಡ. ಚಿಕ್ಕಂದಿನಲ್ಲಿ ಅಲ್ಲಿಯ ದೊಡ್ಡ ಹುಣಸೆ ಮರದ ತುದಿಗೆ ಹತ್ತಿ ಕೂತು ಇಳಿಯಲೊಲ್ಲೆ ಎಂದದ್ದಕ್ಕೆ ಅವ್ವನಿಂದ ಪೆಟ್ಟು ತಿಂದಿದ್ದಳು. ಹಣ್ಣಿಗಾಗಿ ಹತ್ತಿದ್ದಲ್ಲ. ಮೇಲಿನಿಂದ ಊರು ಹೇಗೆ ಕಾಣುತ್ತದೆ ಎಂದು ನೋಡಬೇಕಿತ್ತು. ಮರ ಅಷ್ಟು ಎತ್ತರವಿರಲಿಲ್ಲ. ಆ ಪ್ರಶ್ನೆ ಅವಳೊಂದಿಗೇ ಬೆಳೆಯಿತು. ಹೊಲದಲ್ಲಿ ಕಳೆ ಕೀಳುವಾಗ ವಿಮಾನದ ಸದ್ದು ಕೇಳಿದರೆ ಸೊಂಟದ ಮೇಲೆ ಕೈಯಿಟ್ಟು, ಅದು ಮಾಯವಾಗುವ ತನಕ ನಿಲ್ಲುವಳು. ಮಠದ ಅಯ್ಯನವರನ್ನು ಒಮ್ಮೆ ಕೇಳಿಯೂ ಕೇಳಿದಳು. "ಮ್ಯಾಲಿಂದ ನೋಡಾವ ಶಿವ ಒಬ್ಬನವ್ವಾ," ಎಂದರು ಅವರು. "ಮತ್ತ ವಿಮಾನ ಹೊಡಿಯಾಂವ?" ಎಂದಳು. ಅಯ್ಯನವರು ನಕ್ಕು ವಿಭೂತಿ ಕೊಟ್ಟು ಕಳಿಸಿದರು.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನ ಮಾತು. ಟಿಳಕವಾಡಿಯಲ್ಲಿ ಅವಳ ಬೆಣ್ಣೆ ಕೊಳ್ಳುವ ತ್ರ್ಯಂಬಕ ವಿಮಾನದ ಟಿಕೆಟು ಮಾರುವ ಕಚೇರಿಯಲ್ಲಿ ಗುಮಾಸ್ತ. ವಾರವಾರ ವಿಮಾನದ ವಿಚಾರ ಕೇಳುವ ಅವಳಿಗೆ ಅವನು ಒಂದು ಶನಿವಾರ ಹುಡುಗಾಟಕ್ಕೆ, "ಇಷ್ಟ ಕೇಳೂದಕ್ಕಿಂತ ಒಮ್ಮೆ ಹತ್ತಿ ನೋಡಿಬಿಡು ಮಾವಶಿ. ಸಾಂಬ್ರಾದಿಂದ ಮುಂಬೈಗೆ ಹೊಕ್ಕೈತಲ್ಲ," ಎಂದ. ಕಾಶವ್ವ ಅದನ್ನು ಹುಡುಗಾಟವೆಂದು ತಿಳಿಯಲಿಲ್ಲ. ಮುಂದಿನ ವಾರವೇ ಖಾನಾಪುರದ ಅಕ್ಕಸಾಲಿಗನಿಗೆ ತನ್ನ ಬೆಳ್ಳಿಯ ಡಾಬನ್ನು ಮಾರಿದಳು. ಮದುವೆಯ ದಿನ ಅವ್ವ ತನ್ನ ಸೊಂಟದಿಂದ ಬಿಚ್ಚಿ ಮಗಳ ಸೊಂಟಕ್ಕೆ ಕಟ್ಟಿದ ಡಾಬು ಅದು.

ಗಂಡ ಸಾತಪ್ಪ, "ಮುಂಬೈದಾಗ ಏನ್ ಕೆಲಸ ಐತಿ ನಿನಗ?" ಎಂದ.

"ನನಗೇನೂ ಇಲ್ಲ. ವಿಮಾನ ಅಲ್ಲಿಗೇ ಹೊಕ್ಕೈತಿ, ಅದಕ್ಕ ನಾನೂ ಹೊಕ್ಕೀನಿ."

"ಇಳದು ಏನ್ ಮಾಡಾಕಿ?"

"ರೈಲ್ ಹತ್ತಿ ವಾಪಸ್ ಬರತೀನಿ."

ಸೋಮವಾರ ಶಿವನ ದಿನ, ಒಳ್ಳೆಯದೆಂದು ಅವಳೇ ಆರಿಸಿದ್ದಳು. ಓಣಿಯ ಹೆಂಗಸರು ಆರತಿ ಮಾಡಿ ಕಳಿಸಿದರು. ಗಂಡ ಹೆಂಡತಿ ಸಾಂಬ್ರಾದ ವಿಮಾನ ನಿಲ್ದಾಣಕ್ಕೆ ಹೋಗಿ ನೋಡಿದರೆ ಬಯಲು ಖಾಲಿ. ಹಾರಾಟ ಬುಧವಾರಕ್ಕೆ ಸರಿದಿತ್ತು. ತ್ರ್ಯಂಬಕ ಬೀಡಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ್ದ. ಆ ಬಸ್ಸು ಬೀಡಿ ಮುಟ್ಟುವಾಗ ಇವರು ಇನ್ನೊಂದು ಬಸ್ಸಿನಲ್ಲಿ ಎದುರಿಗೇ ಹಾದುಹೋಗಿದ್ದರು. "ಆರತಿ ಮಾಡಿಸಿಕೊಂಡಾಕಿ ಚಾ ಹೊತ್ತಿಗೇ ಬಂದ್ಲಲ್ಲ!" ಎಂದು ಓಣಿಯ ನಿಂಗವ್ವ ನಕ್ಕಳು. "ಬುಧವಾರ ಮತ್ತ ಆರತಿ ಮಾಡು, ಎಣ್ಣಿ ನಾ ಕೊಡತೀನಿ," ಎಂದಳು ಕಾಶವ್ವ.

ಬುಧವಾರ ವಿಮಾನ ಬಂದಿತ್ತು. ಮೆಟ್ಟಿಲ ಬಳಿ ಚಪ್ಪಲಿ ಬಿಡಲು ಹೋದವಳನ್ನು ಯಾರೋ ತಡೆದರು. ಒಳಗೆ ಸೀರೆಯುಟ್ಟ ಹುಡುಗಿಯೊಬ್ಬಳು ತಟ್ಟೆಯಲ್ಲಿ ಪೆಪ್ಪರಮಿಂಟು ಹಿಡಿದು ಬಂದಳು. ಕಾಶವ್ವ ಒಂದನ್ನು ಬಾಯಿಗೆ ಹಾಕಿ, ಹೊರಗೆ ಉಳಿದ ಗಂಡನ ಪಾಲಿನದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ನೆಲ ಓಡತೊಡಗಿದಾಗ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ.

ವಿಮಾನ ಮೇಲೇರಿದಾಗ ಉತ್ತರಕ್ಕೆ ಮೋಡ ಗೋಡೆಯ ಹಾಗೆ ನಿಂತಿತ್ತು. ಮುಂಬೈಯಲ್ಲಿ ಮಳೆ ಬಿಡಲೊಲ್ಲದು, ಸ್ವಲ್ಪ ಕಾಯಬೇಕು ಎಂದು ವಿಮಾನದವರು ಏನೋ ಹೇಳಿದರು. ಪಕ್ಕದಲ್ಲಿ ಕೂತ ವ್ಯಾಪಾರಿ ಕೈಗಡಿಯಾರ ನೋಡಿಕೊಂಡು ಬೈದ. ವಿಮಾನ ದಕ್ಷಿಣಕ್ಕೆ ಹೊರಳಿತು. ಕಾಶವ್ವನ ಕಿಟಕಿಯ ಕೆಳಗೆ, ಯಾರೂ ಕೇಳದೆ, ಯಾರೂ ಕರೆಯದೆ, ಖಾನಾಪುರ ಬಂದು ನಿಂತಿತು.

ಮಲಪ್ರಭೆಯನ್ನು ಅವಳು ಗುರುತು ಹಿಡಿದದ್ದು ಸೇತುವೆಯಿಂದ. ಆಮೇಲೆ ಅಡವಿ. ಎಷ್ಟೋ ವರ್ಷ ಅದರ ಬುಡದಲ್ಲಿ ತಲೆಹೊರೆ ಹೊತ್ತು ನಡೆದವಳು, ಈಗ ಅದರ ನೆತ್ತಿ ನೋಡಿದಳು. ಮರಗಳ ನೆತ್ತಿಯ ಮೇಲೆ ಸಣ್ಣದೊಂದು ಕಪ್ಪು ಚುಕ್ಕೆ ಓಡುತ್ತಿತ್ತು. ಹಕ್ಕಿಯೆಂದುಕೊಂಡಳು. ಅದು ಗದ್ದೆ ಹಾಯಿತು, ಹೊಳೆ ಹಾಯಿತು, ತೋಯಲಿಲ್ಲ. ತಟ್ಟನೆ ಹೊಳೆಯಿತು: ಅದು ವಿಮಾನದ ನೆರಳು. ಅದರೊಳಗೆ ಎಲ್ಲೋ ತನ್ನ ನೆರಳೂ ಇದೆ. ನಂದಗಡದ ಕೆರೆಯ ನೀರಿನ ಮೇಲೆ ಅದು ಜಾರಿಹೋದಾಗ ಕಾಶವ್ವ ಉಸಿರು ಬಿಗಿಹಿಡಿದಿದ್ದಳು.

ಆಗಲೇ ಅವಳು ಜಾಂಬೋಟಿಯ ಕಡೆ ನೋಡಿದ್ದು. ಅಲ್ಲಿ ಮಳೆ ಸುರಿಯುತ್ತಿತ್ತು. ಹುಟ್ಟಿದಾಗಿನಿಂದ ಮಳೆಯೆಂದರೆ ಎಲ್ಲ ಕಡೆಯೂ ಇರುವ ವಸ್ತು ಎಂದೇ ತಿಳಿದಿದ್ದಳು. ಅದು ಬಂದಾಗ ಜಗತ್ತಿಗೆಲ್ಲ ಬರುತ್ತದೆ. ಈಗ ನೋಡಿದರೆ ಅದು ಗುಡ್ಡದ ಪಕ್ಕ ಒಂಟಿಯಾಗಿ, ನೀಲಿ ಸೀರೆ ಉಟ್ಟು ನಿಂತ ಹೆಂಗಸಿನ ಹಾಗೆ ನಿಂತಿತ್ತು. ಅದರ ಎಡಕ್ಕೂ ಬಿಸಿಲು, ಬಲಕ್ಕೂ ಬಿಸಿಲು. ತುದಿ ಕಾಣುತ್ತಿತ್ತು. "ಶಿವನೇ," ಎಂದಳು, "ಮಳಿಗೂ ಸೆರಗು ಐತಿ." ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ವ್ಯಾಪಾರಿ ಗಾಬರಿಯಾಗಿ, ಅಂಜಬೇಡಿರೆಂದು ಮರಾಠಿಯಲ್ಲಿ ಸಮಾಧಾನ ಹೇಳಿದ.

ಮತ್ತೆ ಮತ್ತೆ ಸುತ್ತಿದ ವಿಮಾನ, ಮುಂಬೈಯಿಂದ ಬೇಡವೆಂಬ ಮಾತು ಬಂದದ್ದರಿಂದ ಸಾಂಬ್ರಾದಲ್ಲೇ ಇಳಿಯಿತು. ಎಲ್ಲರೂ ಸಿಟ್ಟಿನಿಂದ ಇಳಿದರು. ಬಯಲಿನ ಬೇಲಿಯ ಬಳಿ ರೊಟ್ಟಿಬುತ್ತಿ ಬಿಚ್ಚುತ್ತಿದ್ದ ಸಾತಪ್ಪ ಹೆಂಡತಿಯನ್ನು ಕಂಡು, "ಮುಂಬೈ ಇಷ್ಟ ಸನೇದಾಗ ಐತೇನ?" ಎಂದ. ಅವಳು ಪೆಪ್ಪರಮಿಂಟು ಬಿಚ್ಚಿಕೊಟ್ಟಳು. ಅವನು ಅದನ್ನು ಬಾಯಿಗೆ ಹಾಕಿಕೊಂಡು, ಅವಳು ಕಂಡದ್ದೇನೆಂದು ಕೇಳದೆ ಬುತ್ತಿ ಕಟ್ಟಿದ.

ಊರಿಗೂ ಅದು ಬೇಕಾಗಿರಲಿಲ್ಲ. "ಸಾಂಬ್ರಾದಿಂದ ಸಾಂಬ್ರಾಕ್ಕ ಹೋಗಿ ಬಂದಾಕಿ" ಎಂಬ ಹೆಸರು ಅವಳಿಗೆ ಅಂಟಿತು. ಬಾವಿಯ ಬಳಿ, ಹೊಲದಲ್ಲಿ, ಮದುವೆ ಮನೆಯಲ್ಲಿ ಅದೇ ನಗೆ. "ಅದು ಹೋದಾಂಗ ಅಲ್ಲ ಬಿಡು. ಡಾಬೂ ಹೋತು, ಮುಂಬೈನೂ ಇಲ್ಲ," ಎಂದು ಸಾತಪ್ಪನೂ ಅನ್ನುವನು. ಕಾಶವ್ವನ ಕೈ ಮಾತ್ರ ಆಗಾಗ ಬೋಳಾದ ಸೊಂಟಕ್ಕೆ ಹೋಗುತ್ತಿತ್ತು.

ದೀಪಾವಳಿಯ ಮುಂಚಿನ ಶನಿವಾರ ಸಾತಪ್ಪ ಹಗ್ಗ ಕೊಳ್ಳಲೆಂದು ಅವಳೊಂದಿಗೆ ಬೆಳಗಾವಿಗೆ ಬಂದಿದ್ದ. ತ್ರ್ಯಂಬಕ ತನ್ನ ಮನೆಯ ಪಡಸಾಲೆಯಲ್ಲೇ ಕಾಯುತ್ತಿದ್ದ.

"ಬರ್ರಿ, ಕುಂದರ್ರಿ. ಮಾವಶಿ, ನಿನ್ನ ರೊಕ್ಕ ಬಂದೈತಿ! ಪೂರಾ ಟಿಕೇಟಿಂದು, ವಿಮಾನ ಕಂಪನಿಯಿಂದ."

"ನಾ ಕೇಳೇ ಇಲ್ಲಲ್ಲ ತಮ್ಮಾ?"

"ಕೇಳೂದ ಬ್ಯಾಡ. ಅದು ಕಾಯಿದೆ. ಇಲ್ಲಿ ಹೆಬ್ಬಟ್ಟು ಒತ್ತು, ಮುಗೀತು."

ಸಾತಪ್ಪ ಕೂತಲ್ಲಿಂದ ಎದ್ದೇಬಿಟ್ಟ. "ಅಕ್ಕಸಾಲಿಗ ಡಾಬು ಇನ್ನೂ ಕರಗಿಸಿಲ್ಲಂತ! ಮನ್ನೆ ಕೇಳೀನಿ. ಸಂಜಿಕ ಖಾನಾಪುರದಾಗ ಇಳದು ತರೂಣು."

ಕಾಶವ್ವನ ಕೈ ಸೊಂಟಕ್ಕೆ ಹೋಯಿತು. ಮುಖ ಅರಳಿತು. ಅವ್ವನ ಡಾಬು. ಹೆಬ್ಬೆಟ್ಟನ್ನು ಮಸಿಯ ಡಬ್ಬಿಗೆ ಒತ್ತಿ, ಕಾಗದದ ತನಕ ತಂದು ನಿಲ್ಲಿಸಿದಳು.

"ಏನ್ ಬರದಾರ, ಓದು."

"ಏನಿಲ್ಲ. ಈ ಪ್ರಯಾಣಿಕರು ಪ್ರಯಾಣ ಮಾಡಿಲ್ಲ, ಅದಕ್ಕ ರೊಕ್ಕ ವಾಪಸ್ ಅಂತ."

"ಮಾಡಿಲ್ಲ ಅಂದ್ರ?"

"ಹೋಗಿಲ್ಲ ಅಂತ."

ಅವಳು ಕಾಗದವನ್ನು ನೋಡುತ್ತ ನಿಂತಳು. ಓದು ಬರದ ಅವಳಿಗೆ ಅದರಲ್ಲಿ ಕಂಡದ್ದೇನೋ ತಿಳಿಯದು. ಕೈ ಹಿಂದಕ್ಕೆ ತೆಗೆದು, ಹೆಬ್ಬೆಟ್ಟಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

"ಹುಚ್ಚಿ! ಬರೇ ಕಾಗದ ಅದು!" ಎಂದ ಸಾತಪ್ಪ.

"ಕಾಗದ ಅವರದು. ಬಟ್ಟು ನಂದು. ನಾ ಹೋಗೀನಿ."

ತ್ರ್ಯಂಬಕನ ಹೆಂಡತಿ ಕುಂದಾ ಬೆಣ್ಣೆಯ ಪಾತ್ರೆ ಹಿಡಿದು ಒಳಗಿನಿಂದ ಬಂದಳು. "ಅಗ ಮಾವಶಿ, ತಾವಾಗೇ ಕೊಡಾಕತ್ತಾರ, ತಗೋಬಾರದ?"

"ನನ್ನ ಬೆಣ್ಣಿ ತಿಂದು, ಬಾಯಿ ಒರಿಸಿಕೊಂಡು, ತಿಂದೇ ಇಲ್ಲ ಅಂತ ನೀ ಬರಕೊಡತೀಯೇನವ್ವಾ?" ಕುಂದಾಳ ಪಾತ್ರೆಗೆ ಬೆಣ್ಣೆ ಹಾಕುತ್ತ ಕಾಶವ್ವ ಅಂದಳು. ಆಮೇಲೆ ದನಿ ತಗ್ಗಿತು. "ಪಾಪ, ಏನ್ ಕೊಟ್ಟಾರ ಅಂತ ಅವರಿಗೇ ಗೊತ್ತಿಲ್ಲ."

ಸಾತಪ್ಪ ಸೋಲಲಿಲ್ಲ. "ತ್ರ್ಯಂಬಕರಾವ್, ಅರ್ಧಾ ಹೋಗ್ಯಾಳ ಅಂತ ಬರೀರಿ. ಅರ್ಧಾ ರೊಕ್ಕ ಕೊಡ್ರಿ."

"ಹಂಗ ಬರೀಲಿಕ್ಕೆ ಬರೂದಿಲ್ಲ ಕಾಕಾ, ಛಾಪಿಸಿದ ಕಾಗದ ಇದು."

"ಅಳತಿ ಹೇಳಿದ್ರ? ಏ ಇವಳ, ಎಲ್ಲಿ ಮಟಾ ಹೋಗಿದ್ದಿ ಹೇಳು ಇವರಿಗೆ."

"ನಂದಗಡದ ಕೆರೀ ಮಟಾ." ಅವಳು ಸಿಂಬಿಯನ್ನು ತಲೆಗಿಟ್ಟು ಪಾತ್ರೆ ಎತ್ತಿಕೊಳ್ಳುತ್ತಿದ್ದಳು. "ಅದರಾಚಿಗೂ."

ಸಾತಪ್ಪ ಅವಳ ಮುಖವನ್ನೇ ನೋಡಿದ. ಇಷ್ಟು ದಿನ ಅವನು ಕೇಳಿರದ ಮಾತು ಅವನ ಬಾಯಿಗೆ ಬಂತು. "ಕೆರಿ ಕಂಡಿತಾ? ಹಂಗಾದ್ರ ಬೀಡಿ? ನಮ್ಮ ಮನಿ ಕಂಡಿತೇನ? ಏ, ಮ್ಯಾಲಿಂದ ನಮ್ಮ ಮನಿ ಹೆಂಗ..."

ಕಾಶವ್ವ ಆಗಲೇ ಗೇಟು ದಾಟಿ, ಮುಂದಿನ ಮನೆಯ ಕಡೆ ನಡೆದಿದ್ದಳು.