ಕೈಯಾಡದ ಹಾಳೆಗಳು

ಅವರ ಬಲಗೈ ಹೆಬ್ಬೆರಳಿನ ಉಗುರಂಚು ಸದಾ ನೀಲಿ. ಬೈಂಡಿಂಗಿನ ಮೈದಾ ಅಂಟಿಗೆ ಹುಳು ಹತ್ತದಂತೆ ಮೈಲುತುತ್ತ ಬೆರೆಸುತ್ತಿದ್ದರು. ಎಷ್ಟು ತೊಳೆದರೂ ಆ ಬಣ್ಣ ಹೋಗುತ್ತಿರಲಿಲ್ಲ. ಶಿರಾದಲ್ಲಿ ನಾನು ಕೆಲಸ ಮಾಡುವ ಗ್ರಂಥಾಲಯದ ಹರಿದ ಪುಸ್ತಕಗಳೆಲ್ಲ ಅವರ ಅಂಗಡಿಗೇ ಹೋಗುತ್ತಿದ್ದವು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

ಚಾಚಾಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಪುಸ್ತಕ ಕೊಟ್ಟರೆ ನನ್ನೆದುರೇ ಹಾಳೆ ಎಣಿಸುವರು. "ಆಮ್ಯಾಕೆ ನಾನೇ ಕಳ್ದೆ ಅಂತೀರ." ಟೀ ತಂದವನ ಮುಂದೆಯೇ ಲೋಟ ಮೂಸುವರು. "ನಂಗೆ ಗುಮಾನಿ" ಎನ್ನದೆ ಅವರ ಮಾತು ಮುಗಿಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಕಾದಂಬರಿ ಭಾರಿ ಹೆಸರು ಮಾಡಿತು. ಮಧುಗಿರಿಯ ಓದುಗರ ಬಳಗವೊಂದು ಅದರ ಬಗ್ಗೆ ಮಾತಾಡಲು ನನ್ನನ್ನು ಕರೆಯಿತು. ಗ್ರಂಥಪಾಲಕಿ, ಓದದೆ ಇರುತ್ತಾಳೆಯೇ ಎಂದು ಅವರ ಲೆಕ್ಕ. ಮೂರು ಸಲ ಹಿಡಿದೆ, ಮೂರು ಸಲವೂ ತೊಂಬತ್ತನೇ ಪುಟದ ಆಸುಪಾಸಿನಲ್ಲಿ ಕೈಬಿಟ್ಟೆ. ಅದರೊಳಗಿನವರ ಅಳು ನನಗೆ ತಾಗಲೇ ಇಲ್ಲ. ಓದಿ ಅತ್ತೆವು ಎಂದು ಎಲ್ಲರೂ ಹೇಳುವಾಗ ನನ್ನ ಬುದ್ಧಿಯ ಮೇಲೇ ಅನುಮಾನ ಹುಟ್ಟಿತು. ಬೆನ್ನುಡಿ ನೋಡಿಕೊಂಡು ಹೊಗಳಿಬಿಡೋಣ ಎಂದುಕೊಂಡೆ.

ಸಭೆಗೆ ನಾಲ್ಕು ದಿನವಿರುವಾಗ, ರಟ್ಟು ಕಿತ್ತುಬಂದಿದ್ದ ನಮ್ಮ ಪ್ರತಿಯನ್ನು ಚಾಚಾಗೆ ಕೊಟ್ಟೆ. ಎಣಿಸುತ್ತಿದ್ದವರು ನಡುವೆ ನಿಲ್ಲಿಸಿದರು.

"ಇದ್ನ ಯಾರ್ ಓದವ್ರೆ?"

"ಎಲ್ರೂ ಚಾಚಾ. ಕಾದು ತಗೊಂಡೋಗ್ತಾರೆ."

"ನಂಗೆ ಗುಮಾನಿ. ಇಲ್ಲೀಗಂಟ ನೋಡಮ್ಮ, ಮೂಲೆ ಮಾಸೈತೆ, ಮಡಚವ್ರೆ, ಎಣ್ಣೆ ಕೈಯಲ್ಲಿ ಮುಟ್ಟವ್ರೆ. ಇಲ್ಲಿಂದಾಚೆಗೆ ಕೈಯೇ ಆಡಿಲ್ಲ. ಪ್ರೆಸ್ಸಿಂದ ಬಂದಂಗೇ ಐತೆ."

ನಿಜ. ನೂರನೇ ಪುಟದಿಂದಾಚೆ ಹಾಳೆಗಳು ಬೆಳ್ಳಗಿದ್ದವು. ನನಗೆ ನಗು ಬಂತು. "ನಂಗೂ ಮುಂದಕ್ಕೋಗಕ್ಕೆ ಆಗ್ಲಿಲ್ಲ ಚಾಚಾ" ಎಂದೆ. ಅವರು ನಗಲಿಲ್ಲ.

"ಅಂಗಾದ್ರೆ ಸಭೇಲಿ ಏನಂತೀಯ?"

ಕಿತ್ತುಬಂದ ರಟ್ಟನ್ನು ತಿರುಗಿಸಿ ಬೆನ್ನುಡಿ ನೋಡಿದೆ.

"ಬುಟ್ಬುಟ್ಟೆ ಅಂದ್ರೆ ಏನೂ ಆಗಲ್ಲ. ಓದಿವ್ನಿ ಅಂದ್ರೆ, ಮುಂದೆ ನೀನ್ ಯಾವ್ ಪುಸ್ತಕ ಚೆನ್ನಾಗೈತೆ ಅಂದ್ರೂ ನಾನ್ ನಂಬಲ್ಲ."

ಸಭೆಯಲ್ಲಿ ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಎಂದು ಹೇಳಿದೆ. ಅಧ್ಯಕ್ಷರಾಗಿದ್ದ ನಿವೃತ್ತ ಮೇಷ್ಟ್ರು, "ಹಂಗಾದ್ರೆ ಯಾಕಮ್ಮ ಬಂದೆ?" ಎಂದು ಗದರಿದರು. ಮುಂದಿನ ಸಾಲಿನ ಹೆಂಗಸೊಬ್ಬರು ಎದ್ದರು. "ನಾನೂ ಬುಟ್ಬುಟ್ಟೆ ಕಣಮ್ಮ. ಹೇಳ್ಕಳಕ್ಕೆ ನಾಚ್ಕೆ ಆಗಿತ್ತು." ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಆ ಬಳಗ ನನ್ನನ್ನು ಮತ್ತೆ ಕರೆಯಲಿಲ್ಲ.

ಚಾಚಾ ಶಹಭಾಸ್ ಎನ್ನುತ್ತಾರೆಂದು ಹೋದೆ. ಕೊಟ್ಟು ಹದಿನೈದು ದಿನವಾಗಿದ್ದರೂ ಪುಸ್ತಕಕ್ಕೆ ರಟ್ಟು ಹಾಕಿರಲಿಲ್ಲ. ಕನ್ನಡವನ್ನು ಅಕ್ಷರ ಕೂಡಿಸಿ ಓದುವ ಮನುಷ್ಯ, ಅದನ್ನು ಕೊನೆಯವರೆಗೂ ಓದಿದ್ದರು.

"ನಿನ್ ಮಾತಿನ್ ಮ್ಯಾಲೂ ಗುಮಾನಿ ಬಂತು, ಅದ್ಕೇ ನೋಡ್ದೆ. ನಂಗೂ ಹಿಡಿಸ್ಲಿಲ್ಲ. ಆದ್ರೆ ಕೊನೇಗೆ ಒಬ್ಳು ಮುದುಕಿ ಬತ್ತಾಳೆ. ಅವ್ಳು ಪರವಾಗಿಲ್ಲ."

ಹೋದ ವರ್ಷ ಚಾಚಾ ತೀರಿಕೊಂಡರು. ಈಗ ಯಾರಾದರೂ ಪುಸ್ತಕ ವಾಪಸ್ ಕೊಡುತ್ತಾ ಕಣ್ಣು ತಪ್ಪಿಸಿದರೆ, "ಎಲ್ಲಿಗೆ ಬಿಟ್ರಿ?" ಎಂದು ಮೆಲ್ಲಗೆ ಕೇಳುತ್ತೇನೆ. ಕೆಲವರು ಹೇಳುತ್ತಾರೆ. ಹಾಗೆ ಹೇಳಿದವರು ಮುಂದೊಂದು ದಿನ ಯಾವುದಾದರೂ ಪುಸ್ತಕ ಚೆನ್ನಾಗಿದೆ ಎಂದರೆ, ಅವತ್ತೇ ಅದನ್ನು ಮನೆಗೆ ಒಯ್ಯುತ್ತೇನೆ.