ಅಂಗೈ ಕೆಳಗಿನ ಸುಳಿ

ಮಾವಾರ, ಆ ಸುಳಿ ನನಗೆ ಕಂಡಿತ್ತು. ನಿಮ್ಮ ಕಣ್ಣಿಗೆ ಬೀಳದಂತೆ ಮುಚ್ಚಿದವಳೂ ನಾನೇ — ಮುಂದೊಂದು ದಿನ ಎಲ್ಲರಿಗೂ ಕಾಣುವಂತೆ ಬಾಚಿದವಳೂ ನಾನೇ.

ನೀವು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಬೆಳಗಾವಿಯ ಸದಾಶಿವನಗರದ ಈ ಮನೆಯಲ್ಲಿ ಕೂತು ಹೇಳುತ್ತಿದ್ದೇನೆ.

ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಖಾನಾಪುರದ ಕಡೆಯ ಬೀಡಿ ಎಂಬ ಊರಿಗೆ ಸೊಸೆಯಾಗಿ ಬಂದವಳಿಗೆ ನಿಮ್ಮ ಮನೆಯಲ್ಲಿ ಮಾತಿಗೆ ಜೊತೆಯಿರಲಿಲ್ಲ. ಆ ವರ್ಷವೇ ನಿಮ್ಮ ಕುದುರೆ ಮರಿ ಹಾಕಿತು. ಮೈನಾ ಎಂದು ಹೆಸರಿಟ್ಟಿರಿ. ಅದರ ಮೈ ತಿಕ್ಕುವ ಕೆಲಸವನ್ನು ನಾನೇ ಕೇಳಿ ಪಡೆದೆ. ಮೆತ್ತಗಿನ ಕುಂಚದಿಂದ ಧೂಳು ತೆಗೆದು, ಒಣಹುಲ್ಲಿನ ಹಿಡಿಯಿಂದ ಒರೆಸುವುದು. ಹೊಟ್ಟೆಯ ಹತ್ತಿರ ಕೈ ಹೋದರೆ ಅದರ ಚರ್ಮ ಕೆರೆಯ ನೀರಿನಂತೆ ನಡುಗುತ್ತಿತ್ತು.

ಹಾಗೆ ತಿಕ್ಕುವಾಗಲೇ, ಕುತ್ತಿಗೆಯ ಬಲಮಗ್ಗುಲಿಗೆ ನಾಲ್ಕಾಣೆಯಷ್ಟು ಅಗಲದ ಕೂದಲ ಸುಳಿ ಕಂಡಿತು. ಅಲ್ಲಿ ಸುಳಿಯಿದ್ದ ಕುದುರೆ ಯಜಮಾನನಿಗೆ ಆಗಿಬರುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ನಾನು ನಂಬಲಿಲ್ಲ. ನೀವು ನಂಬುತ್ತಿದ್ದಿರಿ — ಮರಿಯನ್ನು ಯಾರಿಗಾದರೂ ಕೊಟ್ಟುಬಿಟ್ಟರೆ? ಸುತ್ತಲ ಹಳ್ಳಿಯವರು ಎತ್ತು ಕೊಳ್ಳುವ ಮೊದಲು ಸುಳಿ ನೋಡಲು ನಿಮ್ಮನ್ನೇ ಕರೆಯುತ್ತಿದ್ದರು. ಅಂಥ ನೀವು ಮರಿಯನ್ನು ನೋಡಲು ಬಂದಾಗ, ಸಂತೈಸುವವಳಂತೆ ನನ್ನ ಅಂಗೈಯನ್ನು ಆ ಜಾಗದ ಮೇಲಿಟ್ಟೆ. ಸೊಸೆಗೆ ಕೈ ತೆಗೆ ಎನ್ನಲು ನಿಮಗೆ ಸಂಕೋಚವಾಗಿರಬೇಕು…

“ಒಂದೂ ಖೋಡಿ ಇಲ್ಲ, ಒಂದೂ ದೋಷ ಇಲ್ಲ” ಎಂದು ಊರಿಗೆಲ್ಲ ಹೇಳಿದಿರಿ. ಆಮೇಲೆ ಕುತ್ತಿಗೆಯ ಕೂದಲು ಬೆಳೆದು ಬಲಕ್ಕೆ ಇಳಿಬಿತ್ತು. ಸುಳಿ ಮುಚ್ಚಿಹೋಯಿತು.

ನಿಮ್ಮ ಮಗ ಮೋಟರ್‌ಸೈಕಲ್ ತಂದ ಮೇಲೆ ಮೈನಾಳನ್ನು ಮಾರುವ ಮಾತು ಬಂತು. ಖಾನಾಪುರದ ಟಾಂಗಾದವನು ನೋಡಲು ಬರುವ ದಿನ, ಬೆಳಿಗ್ಗೆ, ಎಣ್ಣೆ ಹಚ್ಚಿ ಅದರ ಕುತ್ತಿಗೆಯ ಕೂದಲನ್ನೆಲ್ಲ ಎಡಕ್ಕೆ ಬಾಚಿದೆ.

ಅವನು ಬಲಕ್ಕೆ ಬಂದು ನಿಂತವನೇ ಕೈ ಹಿಂದೆಗೆದ. “ಏನ್ರೀ ಗೌಡ್ರ, ಊರ ಮಂದಿಗೆ ಸುಳಿ ನೋಡಿ ಹೇಳಾವ್ರು ನೀವು. ಗೊತ್ತಿದ್ದೂ ನನ್ನ ಕೊಳ್ಳಿಗೆ ಕಟ್ಟಾಕ ಹೊಂಟಿದ್ರೇನು?”

ನೀವು ಬಗ್ಗಿ ನೋಡಿದಿರಿ. ಬಹಳ ಹೊತ್ತು ನೋಡಿದಿರಿ. ಆಮೇಲೆ ನನ್ನ ಕಡೆ ತಿರುಗಿ — “ಯವ್ವಾ, ದಿನಾ ತಿಕ್ಕಾಕಿ ನೀ. ನಿನಗೂ ಕಂಡಿದ್ದಿಲ್ಲೇನು?”

“ಇಲ್ರೀ ಮಾವಾರ.”

ಸುಳಿಯ ಸುದ್ದಿ ಹಬ್ಬಿ, ಕೊಳ್ಳುವವರು ಯಾರೂ ಬಾರದೆ ಮೈನಾ ಉಳಿಯಿತು. ನನಗೆ ಬೇಕಾಗಿದ್ದದ್ದು ಅದೇ. ಆದರೆ ಊರ ಕಟ್ಟೆಯ ಮೇಲೆ ಕೂತವರು “ಗೌಡ್ರು ಚಸ್ಮಾ ಮಾಡಸೂದು ಚಲೋ” ಎಂದು ನಕ್ಕರು. ಎತ್ತು ನೋಡಲು ಕರೆಯುವವರು ಕಡಿಮೆಯಾದರು. ಒಮ್ಮೆ ಪಕ್ಕದ ಮನೆಯವರು ಕರೆಯಲು ಬಂದಾಗ ನೀವೇ, “ಬ್ಯಾಡಪಾ, ನನ್ನ ಕಣ್ಣಿನ ಮ್ಯಾಲೆ ನನಗ ಭರೋಸಾ ಉಳದಿಲ್ಲ” ಎಂದಿರಿ. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆಗಲಾದರೂ ಹೇಳಬಹುದಿತ್ತು. ಕಪ್ಪು-ಬಸಿ ಸದ್ದಾಗದಂತೆ ಇಟ್ಟು ಒಳಗೆ ಹೋದೆ.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಗೆಳತಿಯರು ತಲೆಗೆ ಬಟ್ಟೆ ಹೊದ್ದು ಪಾದ್ರಿಯ ಹತ್ತಿರ ತಪ್ಪೊಪ್ಪಿಗೆಗೆ ಹೋಗುವಾಗ ನಾವು ಉಳಿದವರು ಹೊರಗೆ ಕಾಯುತ್ತಿದ್ದೆವು. ಹೊರಬರುವಾಗ ಅವರ ಮುಖ ಹಗುರಾಗಿರುತ್ತಿತ್ತು. ನಿಮಗೆ ಇಷ್ಟೆಲ್ಲ ಹೇಳಿಯೂ ನನಗೆ ಹಾಗಾಗಿಲ್ಲ. ನಿಮ್ಮೊಬ್ಬರಿಗೆ ಹೇಳಿದರೆ ಮುಗಿಯುವುದಲ್ಲ ಇದು.

ನಾಳೆ ಬೀಡಿಗೆ ಹೋಗುತ್ತೇನೆ. ಅಂದು ನಕ್ಕವರಲ್ಲಿ ಒಬ್ಬಿಬ್ಬರು ಇನ್ನೂ ಇದ್ದಾರೆ. ಅದೇ ಕಟ್ಟೆಯ ಮುಂದೆ ನಿಂತು ಹೇಳುತ್ತೇನೆ — “ನಮ್ಮ ಮಾವಾರ ಕಣ್ಣಾಗ ಖೋಡಿ ಇದ್ದಿಲ್ರೀ. ಅಡ್ಡ ಇದ್ದದ್ದು ನನ್ನ ಕೈ.”